ಅಭಿಮಾನಿ ಸೈಟು: ಮುಂದುವರಿಸುವುದೋ, ಮುಗಿಸುವುದೋ?

ನನ್ನ ಸೈಟಿನ ಮುಖಪುಟದಲ್ಲಿ ‘ಹೊಸದು!’ ಎಂದು ಮಿನುಗುವ ಪುಟ್ಟ ಹಳದಿ ಚಿತ್ರವೊಂದಿತ್ತು. ಅದರ ಪಕ್ಕದ ಸುದ್ದಿಗೆ ಆಗಲೇ ನಾಲ್ಕು ವರ್ಷ ತುಂಬಿತ್ತು. ಒಬ್ಬ ಗಾಯಕಿಯ ಧ್ವನಿಮುದ್ರಣಗಳ ಹುಚ್ಚು ಹತ್ತಿ ಶುರು ಮಾಡಿದ ಸೈಟು ಅದು. ಯಾವ ಹಾಡು ಯಾವ ವರ್ಷ ಬಂತು, ಯಾವ ಆವೃತ್ತಿಯಲ್ಲಿ ಒಂದು ಚರಣ ಕಡಿಮೆ, ಹಿಂದೆ ಯಾರು ಏನು ನುಡಿಸಿದರು, ಇಂಥವೆಲ್ಲ. ಮೊದಲ ಎರಡು ವರ್ಷ ವಾರಕ್ಕೆ ಮೂರು ಸಲ ಅಪ್‌ಡೇಟ್. ಆಮೇಲೆ ತಿಂಗಳಿಗೊಂದು. ಆಮೇಲೆ ‘ಕ್ಷಮಿಸಿ, ತುಂಬಾ ದಿನ ಆಯ್ತು’ ಎಂದೇ ಶುರುವಾಗುವ ಅಪ್‌ಡೇಟುಗಳು. ಕೊನೆಗೆ ಅದೂ ನಿಂತಿತು. ಹಳದಿ ಚಿತ್ರ ಮಾತ್ರ ಮಿನುಗುತ್ತಲೇ ಇತ್ತು.

ಅಭಿಮಾನದಿಂದ ಸೈಟು ಕಟ್ಟಿದವರಲ್ಲಿ ಬಹಳ ಮಂದಿ ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ನಿಲ್ಲುತ್ತಾರೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ. ಮುಂದುವರಿಸೋಣ ಎಂದರೆ ಕೈ ಏಳುವುದಿಲ್ಲ, ಮುಚ್ಚೋಣ ಎಂದರೆ ಮನಸ್ಸು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ಡೊಮೈನ್ (ಸೈಟಿನ ವಿಳಾಸದ ಹೆಸರು) ನವೀಕರಿಸಿ ಎಂಬ ಮೇಲ್ ಬಂದಾಗ ‘ಈ ಸಲ ಕಟ್ಟಿಬಿಡೋಣ, ಮುಂದಿನ ವರ್ಷ ನೋಡೋಣ’ ಎಂದು ತಳ್ಳುತ್ತಾ ಹೋಗುವುದು. ನಾನು ಹೀಗೆ ತಳ್ಳಿದ್ದು ಐದು ಸಲ.

ಐದು ಸಲ ತಳ್ಳಿದ ಮೇಲೆ ಹೊಳೆದದ್ದು ಇಷ್ಟು: ಎರಡು ಬೇರೆ ಬೇರೆ ಕೆಲಸಗಳನ್ನು ನಾನು ಒಂದೇ ಎಂದು ತಿಳಿದಿದ್ದೆ. ಬರೆಯುವುದು ಒಂದು, ಬರೆದದ್ದನ್ನು ಕಾಯುವುದು ಇನ್ನೊಂದು. ಬರೆಯುವುದನ್ನು ನಿಲ್ಲಿಸಿದ ಮಾತ್ರಕ್ಕೆ ಸೈಟು ಸಾಯಬೇಕಿಲ್ಲ. ಕಾಯುವವರಿಲ್ಲದಿದ್ದರೆ, ಎಷ್ಟೇ ಬರೆದಿಟ್ಟಿದ್ದರೂ ಅದು ಸಾಯುತ್ತದೆ. ‘ಅಪ್‌ಡೇಟ್ ಮಾಡಲೋ ಬೇಡವೋ’ ಎಂಬ ಪ್ರಶ್ನೆಯನ್ನು ಹೀಗೆ ಎರಡಾಗಿ ಸೀಳಿಕೊಂಡರೆ ಗಂಟು ಸಡಿಲವಾಗುತ್ತದೆ. ಕೆಳಗಿರುವುದು ನಾನು ಹಿಡಿದ ದಾರಿ, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ.

1. ಮೊದಲು ಪುಟಗಳನ್ನು ಎಣಿಸಿ

ತೀರ್ಮಾನಕ್ಕೆ ಮುಂಚೆ ಪಟ್ಟಿ. ಒಂದು ಸ್ಪ್ರೆಡ್‌ಶೀಟ್ ತೆಗೆದು ಸೈಟಿನ ಪ್ರತಿ ಪುಟಕ್ಕೂ ಒಂದು ಸಾಲು ಬರೆಯಿರಿ: ಪುಟದ ಹೆಸರು, ವಿಳಾಸ, ಕೊನೆಯ ಸಲ ಮುಟ್ಟಿದ್ದು ಯಾವಾಗ. ಬೇಸರದ ಕೆಲಸ ನಿಜ, ಆದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ನಮ್ಮ ಸೈಟಿನಲ್ಲಿ ಏನಿದೆ ಎಂಬುದು ನಮಗೇ ಮರೆತಿರುತ್ತದೆ. ನನ್ನದರಲ್ಲಿ 140 ಪುಟ ಇದ್ದವು. ನನ್ನ ಅಂದಾಜು 60 ಇತ್ತು.

ಆಮೇಲೆ ಪ್ರತಿ ಸಾಲಿನ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ. ಒಂದು, ಹಳಸುವ ಪುಟ: ಸುದ್ದಿ, ಮುಂದಿನ ಕಾರ್ಯಕ್ರಮಗಳ ಪಟ್ಟಿ, ಬೇರೆ ಸೈಟುಗಳ ಕೊಂಡಿಗಳು, ‘ಈ ತಿಂಗಳ ಮತದಾನ’. ಇವು ಬರೆದ ದಿನದಿಂದಲೇ ಕೆಡಲು ಶುರು. ಎರಡು, ಹಳಸದ ಪುಟ: ಕಂತುಗಳ ಸಾರಾಂಶ, ಪಾತ್ರಗಳ ಪರಿಚಯ, ಧ್ವನಿಮುದ್ರಣಗಳ ಪಟ್ಟಿ, ಆಟವೊಂದರ ಪ್ರತಿ ಹಂತದ ದಾರಿ. ಹತ್ತು ವರ್ಷ ಬಿಟ್ಟು ಓದಿದರೂ ಅವು ಸರಿಯಾಗಿಯೇ ಇರುತ್ತವೆ. ಮೂರು, ಇಲ್ಲಿ ಬಿಟ್ಟರೆ ಎಲ್ಲೂ ಇಲ್ಲದ ಪುಟ: ನೀವೇ ಸ್ಕ್ಯಾನ್ ಮಾಡಿದ ಹಳೆಯ ಕರಪತ್ರ, ನೀವೇ ಕೇಳಿಸಿಕೊಂಡು ಬರೆದಿಳಿಸಿದ ಸಂದರ್ಶನ, ಓದುಗರೊಬ್ಬರು ಕಳಿಸಿದ ಫೋಟೋ.

ಮೂರನೆಯ ಗುರುತು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಆ ಪುಟದಿಂದ ಒಂದು ವಿಶಿಷ್ಟ ಸಾಲನ್ನು ನಕಲಿಸಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಬೇರೆಲ್ಲಾದರೂ ಸಿಕ್ಕರೆ ದಿನಾಂಕ ನೋಡಿ: ಅವರಿಂದ ನೀವು ತಂದಿರೋ, ನಿಮ್ಮಿಂದ ಅವರು ಒಯ್ದರೋ. (ನನಗೆ ಮೂರು ಕಡೆ ನನ್ನದೇ ಕಾಗುಣಿತದ ತಪ್ಪಿನ ಸಮೇತ ಸಿಕ್ಕಿತು. ಕೋಪಕ್ಕಿಂತ ಹೆಚ್ಚು ನಗು ಬಂತು.)

ನನ್ನ 140ರಲ್ಲಿ ಮೂರನೆಯ ಗುರುತು ಬಿದ್ದದ್ದು 19 ಪುಟಗಳಿಗೆ. ಐದು ವರ್ಷ ನಾನು ಹೊತ್ತು ತಿರುಗಿದ ಭಾರವೆಲ್ಲ ಹಳಸುವ ಪುಟಗಳದ್ದು. ನಿಜವಾದ ಜವಾಬ್ದಾರಿ ಇದ್ದದ್ದು ಈ 19ರಲ್ಲಿ.

ಈ ಮೂರನೆಯ ಗುಂಪಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. 1994ರಲ್ಲಿ ಶುರುವಾದ, ಉಚಿತವಾಗಿ ಪುಟ ಕಟ್ಟಲು ಜಾಗ ಕೊಡುತ್ತಿದ್ದ ಜಿಯೋಸಿಟೀಸ್‌ನಲ್ಲಿ ಲಕ್ಷಾಂತರ ಜನ ತಮ್ಮ ಇಷ್ಟದ ನಟ, ತಂಡ, ಧಾರಾವಾಹಿ, ಆಟಗಳ ಬಗ್ಗೆ ಪುಟ ಕಟ್ಟಿದ್ದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರ ಅಕ್ಟೋಬರ್ 26ರಂದು ಮುಚ್ಚಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು, ವೆಬ್ ಪುಟಗಳ ನಕಲು ಕಾಪಾಡುವ ಇಂಟರ್‌ನೆಟ್ ಆರ್ಕೈವ್ ಸೇರಿದಂತೆ ಕೆಲವರು ಓಡೋಡಿ ಕೈಗೆ ಸಿಕ್ಕಷ್ಟನ್ನು ಉಳಿಸಿಕೊಂಡರು, ಸಿಗದ್ದು ಹೋಯಿತು. ಅದು ಹಳೆಯ ಕಾಲದ ಕಥೆ ಎನ್ನುವಂತಿಲ್ಲ. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು 2023ರ ಹೊತ್ತಿಗೆ ತೆರೆಯುತ್ತಿರಲಿಲ್ಲ ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿತು. ದೊಡ್ಡ ಕಂಪನಿಯ ಆಸರೆ ಇದ್ದರೂ ಅಷ್ಟೇ: ಮೈಸ್ಪೇಸ್‌ಗೆ ಜನ ಹನ್ನೆರಡು ವರ್ಷ ಏರಿಸಿದ ಹಾಡುಗಳು ಸರ್ವರ್ ಬದಲಾವಣೆಯಲ್ಲಿ ಕಳೆದುಹೋದವೆಂದು 2019ರಲ್ಲಿ ಗೊತ್ತಾಯಿತು.

2. ಬೇಸರ ಯಾವುದರ ಮೇಲೆ ಎಂದು ಪತ್ತೆ ಮಾಡಿ

‘ಆಸಕ್ತಿ ಹೋಯ್ತು’ ಎಂದು ಹೇಳುವವರಲ್ಲಿ ಎಷ್ಟೋ ಜನರಿಗೆ ಆಸಕ್ತಿ ಹೋಗಿರುವುದಿಲ್ಲ. ಹೋಗಿರುವುದು ಲಾಗಿನ್ ಆಗುವ ತಾಳ್ಮೆ.

ನನ್ನ ವಿಷಯವನ್ನೇ ಹೇಳುತ್ತೇನೆ. ಒಂದು ಹಾಡಿನ ಇಸವಿ ತಪ್ಪಿದೆ ಎಂದು ಗೊತ್ತಾದರೆ ತಿದ್ದುವ ವಿಧಾನ ಹೀಗಿತ್ತು: ಹಳೆಯ ಲ್ಯಾಪ್‌ಟಾಪ್ ಹುಡುಕು, ಚಾರ್ಜ್ ಮಾಡು, ಸೈಟಿನ ಫೈಲುಗಳನ್ನು ಇಳಿಸಿ ಏರಿಸುವ ಎಫ್‌ಟಿಪಿ ತಂತ್ರಾಂಶ ತೆರೆ, ಪಾಸ್‌ವರ್ಡ್ ಮರೆತದ್ದಕ್ಕೆ ಸೈಟಿಗೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಗೆ ಮೇಲ್ ಮಾಡು, ಫೈಲ್ ಇಳಿಸು, ತಿದ್ದು, ಏರಿಸು. ನಾಲ್ಕಂಕಿಯ ಒಂದು ಇಸವಿಗೆ ಮುಕ್ಕಾಲು ಗಂಟೆ. ಯಾರಿಗೆ ಬೇಕು?

ಅದರ ಮೇಲೆ ನಾವು ಏನೂ ಮಾಡದಿದ್ದರೂ ಸೈಟು ತಾನೇ ಕೆಡುತ್ತಾ ಬರುತ್ತದೆ, ಏಕೆಂದರೆ ಸುತ್ತಲಿನ ಲೋಕ ನಿಲ್ಲುವುದಿಲ್ಲ. ಹಳೆಯ ಪಿಎಚ್‌ಪಿ ಸ್ಕ್ರಿಪ್ಟುಗಳು ಡೇಟಾಬೇಸ್ ಜೊತೆ ಮಾತಾಡಲು ಬಳಸುತ್ತಿದ್ದ ಕಮಾಂಡುಗಳನ್ನೇ 2015ರ ಕೊನೆಯಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಕಿತ್ತುಹಾಕಿದರು; ಹೋಸ್ಟಿಂಗ್‌ನವರು ಹೊಸ ಆವೃತ್ತಿಗೆ ಹೋದ ದಿನ ಎಷ್ಟೋ ಸೈಟುಗಳು ಬರೀ ಬಿಳಿ ಹಾಳೆಯಾದವು. 2017ರಲ್ಲಿ ಫೋಟೋಬಕೆಟ್ ತನ್ನಲ್ಲಿಟ್ಟ ಚಿತ್ರಗಳನ್ನು ಬೇರೆ ಸೈಟುಗಳಲ್ಲಿ ಉಚಿತವಾಗಿ ತೋರಿಸುವುದನ್ನು ನಿಲ್ಲಿಸಿತು. 2018ರ ಜುಲೈನಿಂದ ಕ್ರೋಮ್ ಬ್ರೌಸರ್, ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕ ಇಲ್ಲದ ಎಲ್ಲ ಪುಟಗಳಿಗೂ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಅಂಟಿಸತೊಡಗಿತು. 2020ರ ಡಿಸೆಂಬರ್ 31ಕ್ಕೆ, ಬ್ರೌಸರಿನಲ್ಲಿ ಚಲಿಸುವ ಚಿತ್ರ, ಆಟ ತೋರಿಸುತ್ತಿದ್ದ ಫ್ಲ್ಯಾಶ್ ಮುಗಿಯಿತು. ಫ್ಲ್ಯಾಶ್‌ನಲ್ಲಿ ಮಾಡಿದ ಪ್ರವೇಶ ಪುಟ, ಪುಟ್ಟ ಆಟ, ಹಾಡಿನ ಪ್ಲೇಯರ್ ಎಲ್ಲ ಖಾಲಿ ಚೌಕಗಳಾದವು. ಇಷ್ಟೆಲ್ಲ ಬಿರುಕು ಒಟ್ಟಿಗೆ ಕಣ್ಣಿಗೆ ಬಿದ್ದಾಗ ಮನಸ್ಸು ‘ಇದರ ಸಹವಾಸವೇ ಬೇಡ’ ಎನ್ನುತ್ತದೆ. ಅದು ಗಾಯಕಿಯ ಮೇಲಿನ ಬೇಸರವಲ್ಲ, ಸಲಕರಣೆಯ ಮೇಲಿನದು.

ಪತ್ತೆ ಹಚ್ಚುವ ಬಗೆ ಸರಳ. ಹೀಗೆ ಊಹಿಸಿಕೊಳ್ಳಿ: ಒಬ್ಬರಿಗೆ ಮೆಸೇಜ್ ಕಳಿಸಿದಷ್ಟೇ ಸುಲಭವಾಗಿ ಫೋನಿನಿಂದಲೇ ಎರಡು ನಿಮಿಷದಲ್ಲಿ ಸೈಟಿಗೆ ಸಾಲೊಂದನ್ನು ಸೇರಿಸಬಹುದು. ಈ ವಾರ ಸೇರಿಸಲು ಏನಾದರೂ ಇದೆಯೇ? ತಟ್ಟನೆ ಎರಡು ಮೂರು ವಿಷಯ ನೆನಪಾದರೆ ನಿಮಗೆ ಬೇಕಿರುವುದು ಬೇರೆ ಸಲಕರಣೆ. ಏನೂ ನೆನಪಾಗದಿದ್ದರೆ ಬೇಸರ ವಿಷಯದ್ದೇ.

ವಿಷಯದ್ದೇ ಆಗಿದ್ದರೆ ಅದರಲ್ಲೂ ಬಗೆಗಳಿವೆ. ಧಾರಾವಾಹಿ ಮುಗಿದಿದೆ, ತಂಡ ಒಡೆದಿದೆ, ಹೊಸದೇನೂ ಬರುತ್ತಿಲ್ಲ ಎಂದಾದರೆ ಅಲ್ಲಿ ಅಪರಾಧಿ ಭಾವಕ್ಕೆ ಜಾಗವೇ ಇಲ್ಲ. ಕಥೆ ಮುಗಿದ ಮೇಲೆ ಕಥೆಯ ಸೈಟೂ ಮುಗಿಯಬಹುದು. ಅದೇ ಮಾಹಿತಿ ಈಗ ಯಾವುದೋ ವಿಕಿಯಲ್ಲಿ ನೂರು ಜನ ಸೇರಿ ಬರೆಯುತ್ತಿದ್ದಾರೆ ಎಂದಾದರೆ, ಅವರ ಜೊತೆ ಓಟಕ್ಕೆ ನಿಲ್ಲಬೇಡಿ. ವಿಕಿಯಲ್ಲಿ ಸಿಗದ ನಿಮ್ಮ ಅಭಿಪ್ರಾಯ, ನಿಮ್ಮ ಆಯ್ಕೆ, ನಿಮ್ಮ ತಲೆಹರಟೆ ಸೈಟಿನಲ್ಲಿ ಉಳಿಯಲಿ; ಇಸವಿ, ಅಂಕಿಗಳನ್ನು ವಿಕಿಗೇ ಬಿಡಿ. ಅಭಿಮಾನಿಗಳ ಒಳಜಗಳದಿಂದ ಸಾಕಾಗಿದ್ದರೆ ಇ-ಮೇಲ್ ವಿಳಾಸ, ಸಂದೇಶದ ಪೆಟ್ಟಿಗೆ ತೆಗೆದುಹಾಕಿ ನೋಡಿ. ಸೈಟು ಅಲ್ಲೇ ಇರುತ್ತದೆ, ಜಗಳ ಬರುವ ದಾರಿ ಮುಚ್ಚಿರುತ್ತದೆ.

ಇನ್ನೊಂದು ಬಗೆ ಕಷ್ಟದ್ದು. ನಾವು ಮೆಚ್ಚಿದ ವ್ಯಕ್ತಿಯೇ ಏನೋ ಮಾಡಬಾರದ್ದು ಮಾಡಿದ್ದಾರೆ. ಅವರ ಮುಖ ನಮ್ಮ ಮುಖಪುಟದಲ್ಲಿ ನಗುತ್ತಿದೆ. ಇಲ್ಲಿ ನನ್ನ ಸಲಹೆ ಎರಡೇ. ಸುದ್ದಿ ಬಂದ ವಾರ ಏನನ್ನೂ ಅಳಿಸಬೇಡಿ. ಅಳಿಸಿದ್ದನ್ನು ಮತ್ತೆ ಕಟ್ಟುವುದು ಬಹಳ ಕಷ್ಟ. ಆದರೆ ಹೊಗಳಿಕೆಯ ಮುಖಪುಟವನ್ನು ಆ ದಿನವೇ ಕೆಳಗಿಳಿಸಿ, ‘ಈ ಸೈಟನ್ನು ಸದ್ಯ ಮುಂದುವರಿಸುತ್ತಿಲ್ಲ’ ಎಂಬ ಒಂದೇ ಸಾಲು ಹಾಕಿ. ಉಳಿದದ್ದನ್ನು ಮನಸ್ಸು ತಣ್ಣಗಾದ ಮೇಲೆ ಯೋಚಿಸಿದರಾಯಿತು. ಕೆಲವರು ಕಡೆಗೆ ಕೃತಿಗಳ ಮಾಹಿತಿ ಉಳಿಸಿ ಆರಾಧನೆಯ ಪುಟಗಳನ್ನು ತೆಗೆಯುತ್ತಾರೆ, ಕೆಲವರು ಪೂರ್ತಿ ತೆಗೆಯುತ್ತಾರೆ. ಎರಡೂ ಅವರವರಿಗೆ ಬಿಟ್ಟದ್ದು.

3. ಯಾರು ಬರುತ್ತಿದ್ದಾರೆ ನೋಡಿ

ಪುಟದ ಅಡಿಯಲ್ಲಿ ಕೂತಿರುವ ಸಂದರ್ಶಕರ ಎಣಿಕೆಯನ್ನು ನಂಬಬೇಡಿ. ಅದರಲ್ಲಿ ಬಹುಪಾಲು ಮನುಷ್ಯರಲ್ಲ, ತಾವೇ ಪುಟ ತೆರೆಯುತ್ತಾ ತಿರುಗುವ ಬಾಟ್‌ಗಳು. ಹೋಸ್ಟಿಂಗ್ ಕಂಪನಿಯ ನಿಯಂತ್ರಣ ಫಲಕದಲ್ಲಿ ಸರ್ವರ್ ಲಾಗ್ (ಯಾವ ಪುಟವನ್ನು ಯಾವಾಗ ಕೇಳಿದರು ಎಂಬ ದಾಖಲೆ) ಅಥವಾ ಅಂಕಿಅಂಶದ ಪುಟ ಇರುತ್ತದೆ. ಅಲ್ಲಿ ಒಟ್ಟು ಸಂಖ್ಯೆಯನ್ನು ಬಿಟ್ಟು ಮೂರು ವಿಷಯ ನೋಡಿ: ಜನ ಹುಡುಕಾಟದಿಂದ ನೇರವಾಗಿ ಬಂದು ಇಳಿಯುವ ಪುಟ ಯಾವುದು, ಯಾವ ಬೇರೆ ಸೈಟುಗಳಿಂದ ಬರುತ್ತಿದ್ದಾರೆ, ಇಲ್ಲದ ಯಾವ ಪುಟವನ್ನು ಕೇಳಿ 404 ಎಂಬ ಉತ್ತರ ಪಡೆದು ಹೋಗುತ್ತಿದ್ದಾರೆ.

ನನ್ನ ಸೈಟಿಗೆ ದಿನಕ್ಕೆ ನಿಜವಾಗಿ ಬರುತ್ತಿದ್ದವರು ಆರೇಳು ಜನ. ಮುಖಪುಟಕ್ಕೆ ಬರುತ್ತಿದ್ದವರು ಇಲ್ಲವೇ ಇಲ್ಲ ಎನ್ನಬಹುದು. ಬಂದವರೆಲ್ಲ ಒಂದೇ ಪುಟಕ್ಕೆ: ಒಂದೇ ಹಾಡಿನ ಎರಡು ಧ್ವನಿಮುದ್ರಣಗಳನ್ನು ಹೇಗೆ ಗುರುತಿಸಬೇಕು ಎಂದು ನಾನು ಒಂದು ಮಳೆಗಾಲದ ಭಾನುವಾರ ಬರೆದಿದ್ದ ಟಿಪ್ಪಣಿ. ನನಗೆ ಅದು ಇದೆ ಎಂಬುದೇ ನೆನಪಿರಲಿಲ್ಲ. ಇನ್ನು ನಾನು ಬೆವರು ಸುರಿಸಿದ ಸುದ್ದಿ ಪುಟಗಳತ್ತ ವರ್ಷದಲ್ಲಿ ಒಬ್ಬರೂ ತಿರುಗಿ ನೋಡಿರಲಿಲ್ಲ.

ವಿಕಿಪೀಡಿಯದ ಯಾವುದಾದರೂ ಪುಟ ನಿಮ್ಮ ಸೈಟನ್ನು ಆಧಾರವಾಗಿ ಕೊಟ್ಟಿದೆಯೇ ಎಂದೂ ನೋಡಿ. ಕೊಟ್ಟಿದ್ದರೆ ಆ ಪುಟದ ವಿಳಾಸ ಬದಲಾಗಬಾರದು. ಆರು ಜನ ಕಡಿಮೆಯಾಯಿತೇ ಎಂದು ಕೊರಗುವ ಅಗತ್ಯವಿಲ್ಲ. ಆ ಆರು ಜನಕ್ಕೆ ಬೇಕಾದದ್ದು ಇನ್ನೆಲ್ಲೂ ಇಲ್ಲ ಎಂದಾದರೆ ಕಾಯಲು ಅಷ್ಟು ಕಾರಣ ಸಾಕು. ಬರೆಯಲು ಮಾತ್ರ ಅದು ಕಾರಣವಲ್ಲ. ಓದುಗರಿಗಾಗಿ ಸೈಟನ್ನು ಕಾಪಾಡಬಹುದು, ಬರೆಯುವುದಾದರೆ ನಮಗಾಗಿಯೇ ಬರೆಯಬೇಕು.

4. ಮೂರು ತಿಂಗಳು ಮುಟ್ಟಬೇಡಿ

ಪಟ್ಟಿ, ಲಾಗ್ ಎರಡೂ ಕೈಯಲ್ಲಿದ್ದಾಗ ತೀರ್ಮಾನಕ್ಕೆ ಅವಸರವಾಗುತ್ತದೆ. ತಡೆಯಿರಿ. ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಮುಂದಿನ ಒಂದು ದಿನಕ್ಕೆ ಗುರುತು ಹಾಕಿ, ಅಲ್ಲಿಯವರೆಗೆ ಬೇಕೆಂದೇ ಸೈಟನ್ನು ಮುಟ್ಟಬೇಡಿ. ಈ ನಡುವೆ ‘ಇದನ್ನು ಸೈಟಿಗೆ ಹಾಕಬೇಕಿತ್ತು’ ಎಂದು ಅನಿಸಿದಾಗಲೆಲ್ಲ ಫೋನಿನ ಟಿಪ್ಪಣಿಯಲ್ಲಿ ಒಂದು ಸಾಲು ಬರೆದಿಡಿ. ‘ಅಯ್ಯೋ, ಅಪ್‌ಡೇಟ್ ಮಾಡಿಲ್ಲವಲ್ಲ’ ಎಂಬ ಕಸಿವಿಸಿಯನ್ನು ಬರೆಯಬೇಡಿ, ಅದು ಲೆಕ್ಕಕ್ಕಿಲ್ಲ. ಗುರುತು ಹಾಕಿದ ದಿನ ಟಿಪ್ಪಣಿ ತೆರೆಯಿರಿ. ನನ್ನದರಲ್ಲಿ ಎರಡು ಸಾಲು ಇತ್ತು, ಎರಡೂ ತಪ್ಪು ತಿದ್ದುವ ಕೆಲಸ.

5. ಮುಂದುವರಿಸುವುದಾದರೆ

ಟಿಪ್ಪಣಿ ತುಂಬಿದ್ದರೆ ಮುಂದುವರಿಸಿ. ಆದರೆ ಹಳೆಯ ಆಕಾರದಲ್ಲಿ ಬೇಡ. ಹಳಸುವ ಪುಟಗಳನ್ನೆಲ್ಲ ಒಂದು ‘ಹಳೆಯ ಕಡತ’ ವಿಭಾಗಕ್ಕೆ ತಳ್ಳಿ, ಹೊಸದಾಗಿ ಅಂಥದ್ದನ್ನು ಶುರು ಮಾಡಬೇಡಿ. ಸುದ್ದಿ ಕೊಡಲು ಈಗ ನೂರು ಜಾಗಗಳಿವೆ; ಆ ಓಟದಲ್ಲಿ ಒಬ್ಬ ಮನುಷ್ಯ ಗೆಲ್ಲುವುದಿಲ್ಲ. ‘ವಾರಕ್ಕೊಂದು’ ಎಂಬ ಮಾತು ಕೊಡಬೇಡಿ. ಡೇಟಾಬೇಸ್ ಬೇಡುವ ವ್ಯವಸ್ಥೆಯಿಂದ, ಬರೆದಿಟ್ಟ ಹಾಗೇ ತೆರೆಯುವ ಸಾದಾ ಎಚ್‌ಟಿಎಂಎಲ್ ಪುಟಗಳಿಗೆ ಇಳಿದರೆ ಭದ್ರತಾ ಅಪ್‌ಡೇಟುಗಳ ಕಾಟ ಬಹುಪಾಲು ತಪ್ಪುತ್ತದೆ. 2013ರಲ್ಲಿ ಶುರುವಾದ ನಿಯೋಸಿಟೀಸ್ ಇಂಥ ಪುಟಗಳಿಗೆಂದೇ ಉಚಿತ ಜಾಗ ಕೊಡುತ್ತದೆ. ಗಿಟ್‌ಹಬ್ ಪೇಜಸ್ ಕೂಡ ಆಗಬಹುದು. ಎರಡರಲ್ಲೂ ಬ್ರೌಸರಿನಲ್ಲೇ ಕೂತು ಒಂದು ಅಕ್ಷರ ತಿದ್ದಬಹುದು.

6. ಮುಗಿಸುವುದಾದರೆ

ಮುಗಿಸುವುದು ಎಂದರೆ ಅಳಿಸುವುದಲ್ಲ. ಬರೆಯುವುದನ್ನು ನಿಲ್ಲಿಸಿ, ಇದ್ದದ್ದನ್ನು ಹತ್ತು ವರ್ಷ ಯಾರೂ ಮುಟ್ಟದೆ ನಿಲ್ಲುವ ಹಾಗೆ ಕಟ್ಟಿಡುವುದು. ಹೆಚ್ಚಿನ ಅಭಿಮಾನಿ ಸೈಟುಗಳಿಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಎರಡು ವಾರಾಂತ್ಯ ಬೇಕು, ಒಮ್ಮೆ ಮಾಡಿದರೆ ಸಾಕು.

ಮೊದಲಿಗೆ ಪೂರ್ತಿ ಬ್ಯಾಕಪ್. ಸರ್ವರಿನ ಫೈಲುಗಳು ಒಂದು ಕಡೆ, ಡೇಟಾಬೇಸ್ ಇದ್ದರೆ ಅದರ ನಕಲು ಇನ್ನೊಂದು ಕಡೆ. ಇವೆರಡನ್ನೂ ಬೇರೆ ಬೇರೆ ಎರಡು ಜಾಗದಲ್ಲಿಡಿ.

ಆಮೇಲೆ ಭಾಷೆ. ಇದನ್ನು ಬಹಳ ಜನ ಮರೆಯುತ್ತಾರೆ. ಪ್ರತಿ ಪುಟದಲ್ಲೂ ‘ಇತ್ತೀಚೆಗೆ’, ‘ಕಳೆದ ವಾರ’, ‘ಈ ವರ್ಷ’, ‘ಮುಂದಿನ ತಿಂಗಳು’, ‘ಸದ್ಯದಲ್ಲೇ’ ಎಂಬ ಪದಗಳನ್ನು ಹುಡುಕಿ. ಒಂದೊಂದಕ್ಕೂ ದಿನಾಂಕ ಹಾಕಿ. ‘ಅವರ ಇತ್ತೀಚಿನ ಆಲ್ಬಂ’ ಎಂದಿದ್ದರೆ ಆಲ್ಬಮ್ಮಿನ ಹೆಸರು, ವರ್ಷ ಬರೆಯಿರಿ. ‘ಕೆಲಸ ನಡೆಯುತ್ತಿದೆ’ ಎಂಬ ಫಲಕಗಳನ್ನೂ, ಅರ್ಧ ಬರೆದು ಬಿಟ್ಟ ಪುಟಗಳನ್ನೂ ತೆಗೆಯಿರಿ, ಇಲ್ಲವೇ ಪುಟದ ತಲೆಯಲ್ಲೇ ‘ಇದು ಅಪೂರ್ಣ, ಹೀಗೇ ಉಳಿಯುತ್ತದೆ’ ಎಂದು ಒಪ್ಪಿಕೊಳ್ಳಿ. ನನ್ನ ಹಳದಿ ಚಿತ್ರ ಹೋದದ್ದು ಈ ಹಂತದಲ್ಲಿ.

ಮೂರನೆಯದು ಬಾಗಿಲುಗಳು. ಗೆಸ್ಟ್‌ಬುಕ್, ಮತದಾನ, ಸಂಪರ್ಕ ಫಾರಂ, ಸದಸ್ಯರ ಲಾಗಿನ್: ಬರೆಯಲು ಬಿಡುವ ಎಲ್ಲವನ್ನೂ ಮುಚ್ಚಿ. ಕಾವಲಿಲ್ಲದ ಗೆಸ್ಟ್‌ಬುಕ್ಕಿಗೆ ನುಗ್ಗುವುದು ಜೂಜು, ಮಾತ್ರೆಗಳ ಜಾಹೀರಾತೇ. ಹಳೆಯ ಸಂದೇಶಗಳನ್ನು ಮಾತ್ರ ಸಾದಾ ಪುಟವಾಗಿ ಉಳಿಸಿ, ಬರೆದವರ ಇ-ಮೇಲ್ ವಿಳಾಸ ಅಳಿಸಿ. ಅವರು ಹದಿನೈದರ ಪ್ರಾಯದಲ್ಲಿ ಬರೆದದ್ದಿರಬಹುದು. ಪೂರ್ತಿ ಹೆಸರು ಇದ್ದರೆ ಮೊದಲ ಅಕ್ಷರಕ್ಕೆ ಇಳಿಸುವುದು ಮರ್ಯಾದೆ.

ನಾಲ್ಕನೆಯದು, ಸೈಟನ್ನು ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ಬದಲಿಸುವುದು. ಪಿಎಚ್‌ಪಿ, ವರ್ಡ್‌ಪ್ರೆಸ್ ಏನೇ ಇರಲಿ, ಡಬ್ಲ್ಯೂಗೆಟ್ ಅಥವಾ ಎಚ್‌ಟಿಟಿರ‍್ಯಾಕ್ ಎಂಬ ಉಚಿತ ತಂತ್ರಾಂಶಗಳು ನಿಮ್ಮ ಸೈಟಿನಲ್ಲಿ ಪುಟದಿಂದ ಪುಟಕ್ಕೆ ನಡೆದು, ಓದುಗರಿಗೆ ಕಾಣುವಂತೆಯೇ ಎಲ್ಲವನ್ನೂ ಇಳಿಸಿಕೊಡುತ್ತವೆ. ಇಳಿಸಿದ್ದನ್ನು ಇಂಟರ್‌ನೆಟ್ ಸಂಪರ್ಕ ತೆಗೆದು ನಿಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಬೇರೆಯವರ ಸರ್ವರಿನಿಂದ ಬರುತ್ತಿದ್ದ ಚಿತ್ರಗಳೆಲ್ಲ ಆಗ ಬಯಲಾಗುತ್ತವೆ. ಅವನ್ನು ನಿಮ್ಮ ಫೋಲ್ಡರಿಗೇ ತನ್ನಿ. ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಗಮನಿಸಿ: ವಿಂಡೋಸ್‌ನಲ್ಲಿ ತೆರೆಯುವ ಚಿತ್ರ ಲಿನಕ್ಸ್ ಸರ್ವರಿನಲ್ಲಿ ಇದೇ ಕಾರಣಕ್ಕೆ ಕಾಣೆಯಾಗುತ್ತದೆ. ಎಲ್ಲ ಕಂಪ್ಯೂಟರಿನಲ್ಲೂ ಅಕ್ಷರ ಒಂದೇ ರೀತಿ ತೆರೆಯುವಂತೆ ಮಾಡಿದ ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಬರೆದ ಪುಟಗಳಿದ್ದರೆ ಈಗಲೇ ಯೂನಿಕೋಡ್‌ಗೆ ಬದಲಿಸಿ. ಆ ಫಾಂಟ್ ಇಲ್ಲದವರಿಗೆ ಅಲ್ಲಿ ಕಾಣುವುದು ಬರೀ ಅಕ್ಷರಗಳ ಚಿತ್ರಾನ್ನ.

ವಿಳಾಸಗಳು ಮಾತ್ರ ಹಿಂದಿನಂತೆಯೇ ಇರಬೇಕು. ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬಾರದು ಎಂದು ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು. ಬದಲಾಗಲೇಬೇಕಾದರೆ ಹಳೆಯ ವಿಳಾಸದಿಂದ ಹೊಸದಕ್ಕೆ 301 ಎಂಬ ಶಾಶ್ವತ ತಿರುವು ಹಾಕಿ.

ಕೊನೆಗೆ ಮುಖಪುಟದ ಮೇಲೆ ಎರಡು ಸಾಲು: ಈ ಸೈಟು ಯಾವ ದಿನದಿಂದ ಯಾವ ದಿನದವರೆಗೆ ನಡೆಯಿತು, ಇನ್ನು ಹೊಸದು ಸೇರುವುದಿಲ್ಲ, ತಪ್ಪಿದ್ದರೆ ಎಲ್ಲಿಗೆ ತಿಳಿಸಬೇಕು. ಕ್ಷಮೆ ಕೇಳಬೇಡಿ. ಆಮೇಲೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ‘ಈಗಲೇ ಉಳಿಸು’ ಎಂಬ ಸೌಲಭ್ಯವಿದೆ; ಮೂರನೆಯ ಗುರುತಿನ ಪುಟಗಳ ವಿಳಾಸವನ್ನು ಒಂದೊಂದಾಗಿ ಅಲ್ಲಿ ಹಾಕಿ. ನಾವೇ ಮರೆತರೂ ಒಂದು ನಕಲು ಅಲ್ಲಿರುತ್ತದೆ.

ಡೊಮೈನ್ ಬಗ್ಗೆ ಬೇರೆಯಾಗಿಯೇ ಹೇಳಬೇಕು

ಸೈಟುಗಳು ಸಾಯುವುದು ಹೆಚ್ಚಾಗಿ ಇಲ್ಲಿ. ನನ್ನ ಇನ್ನೊಂದು ಪುಟ್ಟ ಸೈಟು ಹೋದದ್ದೂ ಹೀಗೆಯೇ. ಡೊಮೈನ್ ಖಾತೆಗೆ ನಾನು ಕೊಟ್ಟಿದ್ದ ಇ-ಮೇಲ್, ಅದೇ ಡೊಮೈನಿನ ಮೇಲಿದ್ದ ಇ-ಮೇಲ್. ಕಾರ್ಡಿನ ಅವಧಿ ಮುಗಿದು ಹಣ ಕಡಿತವಾಗಲಿಲ್ಲ, ಡೊಮೈನ್ ನಿಂತಿತು, ಅದರ ಜೊತೆ ಇ-ಮೇಲೂ ನಿಂತಿತು. ಎಚ್ಚರಿಕೆಯ ಪತ್ರಗಳೆಲ್ಲ ನಿಂತುಹೋದ ಆ ಪೆಟ್ಟಿಗೆಗೇ ಹೋದವು. ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಅಲ್ಲಿಗೇ. ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು. ಎರಡು ತಿಂಗಳಾದ ಮೇಲೆ ಗೊತ್ತಾಗುವಾಗ ಅಲ್ಲಿ ಜೂಜಿನ ಸೈಟೊಂದು ಕೂತಿತ್ತು, ನನ್ನ ಹಳೆಯ ಶೀರ್ಷಿಕೆಯ ಸಮೇತ.

ಆದ್ದರಿಂದ ಡೊಮೈನ್ ಖಾತೆಗೆ ಬೇರೆ ಇ-ಮೇಲ್ ಕೊಡಿ. ಡಾಟ್ ಕಾಂ, ಡಾಟ್ ನೆಟ್‌ನಂಥ ಹೆಸರುಗಳನ್ನು ಒಟ್ಟಿಗೆ ಗರಿಷ್ಠ 10 ವರ್ಷಕ್ಕೆ ನೋಂದಾಯಿಸಬಹುದು. ಮುಗಿಸಿದ ಸೈಟಿಗೆ ಆದಷ್ಟು ಉದ್ದದ ಅವಧಿ ಕಟ್ಟಿಬಿಡಿ. ಅವಧಿ ಮೀರಿದರೂ ತಕ್ಷಣ ಕೈ ಬಿಡುವುದಿಲ್ಲ: ಇಂಥ ಹೆಸರುಗಳಿಗೆ ಸಾಮಾನ್ಯವಾಗಿ ಮೊದಲು ಮಾಮೂಲಿ ದರದಲ್ಲೇ ನವೀಕರಿಸುವ ಕೆಲವು ದಿನ, ಕಂಪನಿಯನ್ನು ಅವಲಂಬಿಸಿ 45ರವರೆಗೆ; ಆಮೇಲೆ ಹೆಚ್ಚು ಶುಲ್ಕ ಕೊಟ್ಟು ಬಿಡಿಸಿಕೊಳ್ಳುವ 30 ದಿನ; ಕಡೆಗೆ ಏನೂ ಮಾಡಲಾಗದ 5 ದಿನ. ಅದಾದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು. ನಿಮ್ಮ ಹೆಸರಿಗೆ ಹಳೆಯ ಕೊಂಡಿಗಳು ಇರುವುದೇ ಅದನ್ನು ಕಾದು ಕೂತವರಿಗೆ ಬಂಡವಾಳ. ಡೊಮೈನ್ ಖರ್ಚೇ ಬೇಡ ಎಂದಾದರೆ, ಅವಧಿ ಮುಗಿಯುವ ಒಂದು ವರ್ಷ ಮುಂಚೆಯೇ ಸೈಟನ್ನು ಉಚಿತ ವಿಳಾಸಕ್ಕೆ ಸಾಗಿಸಿ, 301 ತಿರುವು ಹಾಕಿ, ನಿಮಗೆ ಕೊಂಡಿ ಕೊಟ್ಟವರಿಗೆ ತಿಳಿಸಿ.

7. ಒಪ್ಪಿಸುವುದಾದರೆ

‘ನಾನು ನಡೆಸುತ್ತೇನೆ, ಕೊಡಿ’ ಎಂದು ಯಾರಾದರೂ ಮುಂದೆ ಬಂದರೆ ಖುಷಿಯಾಗುತ್ತದೆ, ಅದೇ ಅಪಾಯ. ಮೊದಲು ಆರು ತಿಂಗಳು ಜೊತೆಯಲ್ಲಿ ಕೆಲಸ ಮಾಡಿಸಿ. ಉತ್ಸಾಹ ಎರಡನೇ ತಿಂಗಳಿಗೇ ಇಳಿಯುವವರೇ ಜಾಸ್ತಿ, ನಾವೂ ಅವರಲ್ಲೊಬ್ಬರಲ್ಲವೇ. ಕೊಡುವಾಗ ಒಂದೊಂದಾಗಿ ಕೊಡಿ: ಮೊದಲು ಫೈಲುಗಳು, ಆಮೇಲೆ ಹೋಸ್ಟಿಂಗ್, ಎಲ್ಲಕ್ಕಿಂತ ಕಡೆಗೆ ಡೊಮೈನ್. ಡೊಮೈನ್ ಒಂದು ಕಂಪನಿಯಿಂದ ಇನ್ನೊಂದಕ್ಕೆ ವರ್ಗವಾದರೆ ಸಾಮಾನ್ಯವಾಗಿ 60 ದಿನ ಮತ್ತೆ ಕದಲಿಸಲಾಗುವುದಿಲ್ಲ, ಅದು ಲೆಕ್ಕದಲ್ಲಿರಲಿ. ಸದಸ್ಯರ ಇ-ಮೇಲ್ ಪಟ್ಟಿ, ಹಳೆಯ ಖಾಸಗಿ ಪತ್ರಗಳನ್ನು ಕೊಡಬೇಡಿ. ಜನ ಅವನ್ನು ನಂಬಿ ಕೊಟ್ಟದ್ದು ನಿಮಗೆ, ನಿಮ್ಮ ಉತ್ತರಾಧಿಕಾರಿಗಲ್ಲ. ಬೇರೆಯವರು ಬರೆದ ಕಥೆ, ಚಿತ್ರಗಳೂ ನಿಮ್ಮವಲ್ಲ. ಅವರನ್ನು ಕೇಳಿಯೇ ಕೊಡಬೇಕು.

ಅಭಿಮಾನಿಗಳ ಕಥೆಗಳ ಭಂಡಾರವಾದರೆ ಇನ್ನೊಂದು ದಾರಿಯಿದೆ. 2007ರಲ್ಲಿ ಹುಟ್ಟಿದ ಆರ್ಗನೈಸೇಶನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್ ಎಂಬ ಲಾಭರಹಿತ ಸಂಸ್ಥೆ ‘ಓಪನ್ ಡೋರ್ಸ್’ ಎಂಬ ಯೋಜನೆ ನಡೆಸುತ್ತದೆ. ಮುಚ್ಚುವ ಹಂತದ ಕಥಾಭಂಡಾರಗಳನ್ನು ತನ್ನ ‘ಆರ್ಕೈವ್ ಆಫ್ ಅವರ್ ಓನ್’ ತಾಣಕ್ಕೆ ಸಾಗಿಸಿಕೊಳ್ಳುವುದು ಅದರ ಕೆಲಸ. ಸರ್ವರ್ ನಿಲ್ಲುವ ಹಿಂದಿನ ದಿನ ಹೋಗಬೇಡಿ, ಸಾಗಿಸಲು ಕಾಲ ಹಿಡಿಯುತ್ತದೆ.

8. ತೆಗೆದೇಬಿಡುವುದಾದರೆ

ಇದೂ ತಪ್ಪಲ್ಲ. ನಿಮ್ಮ ಹದಿಹರೆಯದ ಮಾತುಗಳು ಇನ್ನು ನಿಮ್ಮ ಹೆಸರಿನ ಜೊತೆ ಓಡಾಡುವುದು ಬೇಡ ಎನಿಸಿದರೆ ಅದೊಂದೇ ಕಾರಣ ಸಾಕು, ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಎರಡು ತಿಂಗಳು ಮುಂಚೆ ಮುಖಪುಟದಲ್ಲಿ ದಿನಾಂಕ ಹೇಳಿ, ಬೇರೆಯವರ ಕೊಡುಗೆಗಳನ್ನು ಅವರಿಗೆ ಮರಳಿಸಿ. ತೆಗೆದ ಮೇಲೆ ಸರ್ವರಿನಿಂದ 404ರ ಬದಲು 410 ಉತ್ತರ ಬರುವಂತೆ ಮಾಡಿ; ‘ಬೇಕೆಂದೇ ತೆಗೆದದ್ದು, ಮರಳಿ ಬರುವುದಿಲ್ಲ’ ಎಂದು ಹುಡುಕುವ ಯಂತ್ರಗಳಿಗೆ ಅದು ಹೇಳುತ್ತದೆ. ವೇಬ್ಯಾಕ್ ಮಷೀನ್‌ನಲ್ಲಿ ಇರುವ ನಕಲೂ ಬೇಡವಾದರೆ ಇಂಟರ್‌ನೆಟ್ ಆರ್ಕೈವ್‌ಗೆ ಬರೆದು ಕೇಳಬಹುದು, ಸೈಟು ನಿಮ್ಮದೇ ಎಂದು ತೋರಿಸಬೇಕಾಗುತ್ತದೆ. ಹಾಗಾಗಿ ಡೊಮೈನ್ ನಿಮ್ಮ ಕೈಯಲ್ಲಿರುವಾಗಲೇ ಆ ಪತ್ರ ಬರೆಯಿರಿ.

ನಾನು ಆರಿಸಿಕೊಂಡದ್ದು ಮುಗಿಸುವ ದಾರಿ. 140 ಪುಟಗಳಲ್ಲಿ 58 ಉಳಿದವು. ಎರಡು ಸಾಲಿನ ಸೂಚನೆ ಹಾಕಿ, ದಿನಾಂಕ ಬರೆದು, ಲ್ಯಾಪ್‌ಟಾಪ್ ಮುಚ್ಚಿದೆ. ಹನ್ನೊಂದನೆಯ ದಿನ ಒಂದು ಮೇಲ್ ಬಂತು. ಮಳೆಗಾಲದ ಭಾನುವಾರದ ಆ ಟಿಪ್ಪಣಿಯಲ್ಲಿ ನಾನು ಎರಡು ಧ್ವನಿಮುದ್ರಣಗಳನ್ನು ಅದಲುಬದಲು ಮಾಡಿದ್ದೇನಂತೆ. ಎರಡರ ಲೇಬಲ್ಲಿನ ಫೋಟೋ ತೆಗೆದು ಕಳಿಸಿದ್ದರು. ನೋಡಿದೆ, ಅವರು ಹೇಳಿದ್ದೇ ಸರಿ. ಫೋನಿನಲ್ಲೇ ತಿದ್ದಿದೆ, ಪುಟದ ಅಡಿಯಲ್ಲಿ ಅವರ ಹೆಸರಿನ ಮೊದಲ ಅಕ್ಷರ ಸೇರಿಸಿದೆ. ಮುಖಪುಟದ ದಿನಾಂಕವನ್ನು ಮಾತ್ರ ಹಾಗೇ ಬಿಟ್ಟೆ.